ದೇವಿಮನೆ ಘಟ್ಟಕ್ಕೆ ಆಟೋಮ್ಯಾಟಿಕ್ ಕಾರು: ಟಾರ್ಕ್ ಕನ್ವರ್ಟರ್ ತಿಳಿದುಕೊಂಡು ಓಡಿಸುವ ಬಗೆ

ಶಿರಸಿ ಕಡೆ ಆಟೋಮ್ಯಾಟಿಕ್ ಕಾರು ನೋಡಲು ಹೋದವರು ಮೈಲೇಜಿಗಿಂತ ಮೊದಲು ಕೇಳುವ ಪ್ರಶ್ನೆ ಒಂದಿದೆ: "ಇದು ಘಟ್ಟ ಹತ್ತುತ್ತದಾ?" ಹತ್ತುತ್ತದೆ, ಧಾರಾಳವಾಗಿ ಹತ್ತುತ್ತದೆ. ಕೇಳಬೇಕಾದ್ದು ಇಳಿಯುವ ವಿಚಾರ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ, ಕುಮಟಾ ಸಮುದ್ರದ ಪಕ್ಕದಲ್ಲೇ ಇದೆ. ನಡುವೆ ಇರುವುದು 60 ಕಿ.ಮೀ. ಆಸುಪಾಸಿನ ದಾರಿ. ಅದರಲ್ಲಿ ಇಳಿಜಾರಿನ ಬಹುಪಾಲು ದೇವಿಮನೆಯಿಂದ ಕೆಳಗಿನ ತಿರುವುಗಳಲ್ಲೇ ಮುಗಿದುಹೋಗುತ್ತದೆ.

ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಗೊತ್ತಿರುವುದು ಕೆಲವೇ ಸಂಗತಿ. ಕಾರಿನ ವೇಗ, ಎಂಜಿನ್ ಮೇಲಿರುವ ಭಾರ, ನಿಮ್ಮ ಕಾಲು ಪೆಡಲನ್ನು ಎಷ್ಟು ಒತ್ತಿದೆ ಅನ್ನುವುದು. ಮುಂದಿನ ತಿರುವು ಅದಕ್ಕೆ ಕಾಣುವುದಿಲ್ಲ, ತಿರುವಿನಾಚೆ ನಿಂತ ಲಾರಿಯೂ ಕಾಣುವುದಿಲ್ಲ. ಅದು ನಿಮಗೆ ಮಾತ್ರ ಕಾಣುತ್ತದೆ. ಹಾಗಾಗಿ ಊರೊಳಗೆ ಗೇರ್ ಅದರ ಪಾಡಿಗೆ ಬಿಡಿ, ಘಟ್ಟದಲ್ಲಿ ಮೊದಲೇ ಹೇಳಿ ಮಾಡಿಸಿ. ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿದ್ದರೆ ಯಾವಾಗ ಏನು ಹೇಳಬೇಕು ಅನ್ನುವುದು ತಾನಾಗಿ ಹೊಳೆಯುತ್ತದೆ.

ಮೊದಲು, ನಿಮ್ಮದು ಯಾವ ಜಾತಿ?

ಎರಡು ಪೆಡಲ್ ಇರುವ ಕಾರುಗಳೆಲ್ಲ ಒಂದೇ ಅಲ್ಲ. ನಮ್ಮಲ್ಲಿ ಸಿಗುವುದು ಮುಖ್ಯವಾಗಿ ನಾಲ್ಕು ಬಗೆ.

ಎಎಂಟಿ ಅಂದರೆ ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನು ನಿಮ್ಮ ಕೈಕಾಲಿನ ಬದಲು ಒಂದು ಯಂತ್ರ ಮಾಡುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೊ ಜತೆ ನಮ್ಮ ದೇಶಕ್ಕೆ ಬಂತು, ಬೆಲೆ ಕಡಿಮೆ ಅಂತ ಬೇಗ ಹಬ್ಬಿತು. ಸಿವಿಟಿಯಲ್ಲಿ ಗೇರಿನ ಹಲ್ಲುಗಳ ಬದಲು ಎರಡು ಪುಲ್ಲಿ, ನಡುವೆ ಒಂದು ಉಕ್ಕಿನ ಬೆಲ್ಟ್. ಡಿಸಿಟಿಯಲ್ಲಿ ಎರಡು ಕ್ಲಚ್. ಒಂದು ಬೆಸ ಗೇರುಗಳಿಗೆ, ಇನ್ನೊಂದು ಸಮ ಗೇರುಗಳಿಗೆ. ನಾಲ್ಕನೆಯದೇ ಟಾರ್ಕ್ ಕನ್ವರ್ಟರ್ ಇರುವ ಹಳೆಯ ಪದ್ಧತಿಯ ಆಟೋಮ್ಯಾಟಿಕ್. ಪೆಟ್ರೋಲ್ ಬ್ರೆಝಾ, ಸ್ಕಾರ್ಪಿಯೊ ಎನ್, ಡೀಸೆಲ್ ಕ್ರೆಟಾ ಇವುಗಳ ಆಟೋಮ್ಯಾಟಿಕ್‌ನಲ್ಲಿ ಇರುವುದು ಇದೇ. 2023ಕ್ಕಿಂತ ಹಿಂದಿನ ಆಟೋಮ್ಯಾಟಿಕ್ ಇನೋವಾ ಕ್ರಿಸ್ಟಾದಲ್ಲೂ ಇದೇ ಇತ್ತು.

ಒಂದೇ ಹೆಸರಿನ ಕಾರಿನಲ್ಲಿ ಎರಡು ಬಗೆಯೂ ಇರಬಹುದು. ಮಾರುತಿ ಫ್ರಾಂಕ್ಸ್‌ನ 1.2 ಲೀಟರ್ ಎಂಜಿನ್ ಜತೆ ಬರುವುದು ಎಎಂಟಿ, 1.0 ಲೀಟರ್ ಟರ್ಬೊ ಜತೆ ಬರುವುದು 6 ಗೇರಿನ ಟಾರ್ಕ್ ಕನ್ವರ್ಟರ್. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಕೇಳಿಯೇ ಮುಂದುವರಿಯಬೇಕು. ಗೇರ್ ಲಿವರ್ ನೋಡಿಯೂ ಸುಮಾರಾಗಿ ಹೇಳಬಹುದು. ಹೆಚ್ಚಿನ ಎಎಂಟಿ ಕಾರುಗಳ ಲಿವರಿನಲ್ಲಿ 'ಪಿ', ಅಂದರೆ ಪಾರ್ಕ್, ಇರುವುದಿಲ್ಲ.

ಒಳಗೆ ಎಣ್ಣೆ ಏನು ಮಾಡುತ್ತದೆ

ಮಜ್ಜಿಗೆ ಕಡೆಯುವ ಕರೆಂಟಿನ ಕಡೆಗೋಲು ನೋಡಿದ್ದೀರಲ್ಲ. ಪಾತ್ರೆ ಹಿಡಿದುಕೊಳ್ಳದೆ ಸ್ವಿಚ್ ಹಾಕಿದರೆ ಪಾತ್ರೆಯೂ ತಿರುಗಲು ಶುರುಮಾಡುತ್ತದೆ. ಕಡೆಗೋಲು ಪಾತ್ರೆಗೆ ಎಲ್ಲೂ ತಾಗಿಲ್ಲ, ಸುತ್ತುವ ಮಜ್ಜಿಗೆಯೇ ಪಾತ್ರೆಯನ್ನು ಎಳೆದುಕೊಂಡು ಹೋಗುತ್ತದೆ. ಗಟ್ಟಿಯಾಗಿ ಹಿಡಿದರೆ ಪಾತ್ರೆ ನಿಲ್ಲುತ್ತದೆ, ಕಡೆಗೋಲು ಮಾತ್ರ ತಿರುಗುತ್ತಲೇ ಇರುತ್ತದೆ. ಬ್ರೇಕ್ ಒತ್ತಿ 'ಡಿ'ಯಲ್ಲಿ (ಮುಂದಕ್ಕೆ ಹೋಗುವ ಡ್ರೈವ್) ನಿಂತ ಕಾರಿನ ಎಂಜಿನ್ ಬಂದ್ ಆಗದೆ ಓಡುತ್ತಿರುವುದು ಹೀಗೇ.

ಟಾರ್ಕ್ ಕನ್ವರ್ಟರ್ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಕೂತಿರುವ, ಎಣ್ಣೆ ತುಂಬಿದ ದುಂಡನೆಯ ಉಕ್ಕಿನ ಡಬ್ಬಿ. ಅದರೊಳಗೆ ರೆಕ್ಕೆಗಳಿರುವ ಮೂರು ಚಕ್ರ. ಡಬ್ಬಿಗೇ ಬೆಸೆದುಕೊಂಡು ಎಂಜಿನ್ ಜತೆ ತಿರುಗುವುದು ಇಂಪೆಲರ್. ಎದುರಿಗಿರುವ ಟರ್ಬೈನ್ ಗೇರ್‌ಬಾಕ್ಸಿನ ಶಾಫ್ಟಿಗೆ ಜೋಡಣೆಯಾಗಿದೆ. ಇಂಪೆಲರ್ ತಿರುಗಿದಾಗ ಎಣ್ಣೆ ಹೊರ ಅಂಚಿಗೆ ಎಸೆಯಲ್ಪಟ್ಟು ಟರ್ಬೈನಿನ ರೆಕ್ಕೆಗಳಿಗೆ ಬಡಿಯುತ್ತದೆ, ಅದನ್ನು ತಿರುಗಿಸಿ ನಡುಭಾಗದಿಂದ ಹೊರಬೀಳುತ್ತದೆ. ಇಷ್ಟೇ ಇದ್ದರೆ ಅದು ಬರೀ ಫ್ಲೂಯಿಡ್ ಕಪ್ಲಿಂಗ್. ಬಲ ದಾಟಿಸುತ್ತದೆ, ಹೆಚ್ಚಿಸುವುದಿಲ್ಲ.

ಹೆಚ್ಚಿಸುವ ಚಮತ್ಕಾರ ಮೂರನೆಯ ಚಕ್ರದ್ದು. ಅದರ ಹೆಸರು ಸ್ಟೇಟರ್. ಟರ್ಬೈನಿನಿಂದ ವಾಪಸ್ ಬರುವ ಎಣ್ಣೆ ಇಂಪೆಲರಿಗೆ ಎದುರು ದಿಕ್ಕಿನಲ್ಲಿ ಸುತ್ತುತ್ತಿರುತ್ತದೆ. ಹಾಗೇ ಬಿಟ್ಟರೆ ಎಂಜಿನ್ನಿಗೆ ತಡೆ. ನಡುವೆ ನಿಂತ ಸ್ಟೇಟರ್ ಆ ಎಣ್ಣೆಯ ದಿಕ್ಕು ತಿರುಗಿಸಿ ಇಂಪೆಲರ್ ಹೋಗುವ ಕಡೆಗೇ ತಳ್ಳುತ್ತದೆ. ಎದುರು ಬಂದ ಎಣ್ಣೆ ಈಗ ಹಿಂದಿನಿಂದ ಕೈಹಾಕಿ ತಳ್ಳಿದ ಹಾಗಾಯಿತು. ಕಾರು ನಿಂತಲ್ಲಿಂದ ಹೊರಡುವಾಗ ಈ ವ್ಯವಸ್ಥೆ ಎಂಜಿನ್ನಿನ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಸುಮಾರು ಎರಡು ಪಟ್ಟು ಮಾಡುತ್ತದೆ. ಎಂಜಿನ್ 100 ಎನ್ಎಂ (ನ್ಯೂಟನ್ ಮೀಟರ್, ಟಾರ್ಕಿನ ಅಳತೆ) ಕೊಟ್ಟರೆ ಗೇರ್‌ಬಾಕ್ಸಿಗೆ 200. ಒಂದನೇ ಗೇರಿನ ಅನುಪಾತ ಹತ್ತಿರ ಹತ್ತಿರ 4 ಇರುತ್ತದೆ, ಅಂದರೆ ಅದನ್ನು ದಾಟಿದ ಮೇಲೆ 800. ನಾಲ್ಕು ಜನ, ಡಿಕ್ಕಿಯಲ್ಲಿ ಎರಡು ಚೀಲ ಅಡಿಕೆ ಹಾಕಿಕೊಂಡು ತೋಟದ ದರೆ ಹತ್ತುವಾಗ ಕಾರು ಮುಕ್ಕರಿಸದೆ ಏಳುವುದು ಇದರಿಂದ.

ಪುಕ್ಕಟೆ ಅಂತೂ ಅಲ್ಲ. ಟಾರ್ಕ್ ಹೆಚ್ಚುವಾಗ ಟರ್ಬೈನ್ ನಿಧಾನ ತಿರುಗುತ್ತದೆ, ಇಂಪೆಲರ್, ಟರ್ಬೈನ್ ಎರಡರ ವೇಗದ ವ್ಯತ್ಯಾಸ ಎಣ್ಣೆಯಲ್ಲಿ ಬಿಸಿಯಾಗಿ ಕೂಡುತ್ತದೆ. ಕಾರು ಅಲ್ಲಾಡದೆ ನಿಂತು ಎಂಜಿನ್ ಮಾತ್ರ ಜೋರಾಗಿ ಓಡಿದರೆ ಎಂಜಿನ್ ಕಳಿಸುವ ಶಕ್ತಿಯೆಲ್ಲ ಎಣ್ಣೆ ಕಾಯಿಸುವುದಕ್ಕೇ ಹೋಗುತ್ತದೆ. ಈ ಮಾತು ನೆನಪಿಡಿ, ಘಟ್ಟದಲ್ಲಿ ಬೇಕಾಗುತ್ತದೆ.

ವೇಗ ಏರಿ ಟರ್ಬೈನ್ ಹೆಚ್ಚುಕಮ್ಮಿ ಇಂಪೆಲರಿನಷ್ಟೇ ಜೋರಾದಾಗ ಸ್ಟೇಟರಿನ ಕೆಲಸ ಮುಗಿಯುತ್ತದೆ. ಒಂದೇ ದಿಕ್ಕಿಗೆ ತಿರುಗುವ ಕ್ಲಚ್ ಮೇಲೆ ಕೂತಿರುವುದರಿಂದ ಅದೂ ಸುಮ್ನೆ ಜತೆಗೆ ಸುತ್ತುತ್ತದೆ. ಆಮೇಲೆ ಬರುವುದು ಲಾಕ್-ಅಪ್ ಕ್ಲಚ್. ಇದು ಟರ್ಬೈನನ್ನು ಡಬ್ಬಿಗೇ ಕಚ್ಚಿ ಹಿಡಿಸಿಬಿಡುತ್ತದೆ. ಈಗ ನಡುವೆ ಎಣ್ಣೆಯ ಆಟವಿಲ್ಲ, ನೇರ ಜೋಡಣೆ. ಬಿಸಿಯೂ ಇಲ್ಲ, ಪೆಟ್ರೋಲ್ ನಷ್ಟವೂ ಇಲ್ಲ. "ಆಟೋಮ್ಯಾಟಿಕ್ ಅಂದರೆ ಮೈಲೇಜ್ ಕೊಡಲ್ಲ" ಅನ್ನುವ ಮಾತು ಹುಟ್ಟಿದ್ದು ಇದಿಲ್ಲದ ಕಾಲದಲ್ಲಿ.

ಈ ಯಂತ್ರ ಮೊದಲು ಹುಟ್ಟಿದ್ದು ಕಾರಿಗಲ್ಲ, ಹಡಗಿಗೆ. ಜರ್ಮನಿಯ ಹರ್ಮನ್ ಫೊಟಿಂಗರ್ ಎಂಬ ಎಂಜಿನಿಯರ್ 1905ರಲ್ಲಿ ಪೇಟೆಂಟ್ ಮಾಡಿಸಿದ್ದು. ಸ್ಟೀಮ್ ಟರ್ಬೈನ್ ಜೋರಾಗಿ ತಿರುಗುತ್ತದೆ, ಹಡಗಿನ ಪ್ರೊಪೆಲ್ಲರ್ ನಿಧಾನ ತಿರುಗಬೇಕು. ನಡುವೆ ಏನಾದರೂ ಬೇಕಿತ್ತು. ಕಾರಿಗೆ ಇದು ದೊಡ್ಡ ಮಟ್ಟದಲ್ಲಿ ಬಂದದ್ದು 1948ರಲ್ಲಿ, ಅಮೆರಿಕದ ಬ್ಯುಯಿಕ್ ಕಾರುಗಳ ಡೈನಾಫ್ಲೋ ಗೇರ್‌ಬಾಕ್ಸಿನಲ್ಲಿ.

ಕನ್ವರ್ಟರಿನ ಹಿಂದಿರುವ ಗೇರುಗಳ ಬಗ್ಗೆ ಇಷ್ಟು ಸಾಕು: ನಡುವೆ ಒಂದು ಸನ್ ಗೇರ್, ಸುತ್ತ ಪ್ಲಾನೆಟ್ ಗೇರುಗಳು, ಹೊರಗೆ ಬಳೆಯಾಕಾರದ ರಿಂಗ್ ಗೇರ್. ಒಂದನ್ನು ಹಿಡಿದು ನಿಲ್ಲಿಸಿ ಇನ್ನೊಂದನ್ನು ತಿರುಗಿಸಿದರೆ ಮೂರನೆಯದು ಬೇರೆ ವೇಗದಲ್ಲಿ ತಿರುಗುತ್ತದೆ. ಯಾವುದನ್ನು ಹಿಡಿಯಬೇಕು ಅಂತ ಕಂಪ್ಯೂಟರ್ ತೀರ್ಮಾನಿಸುತ್ತದೆ, ಒಳಗಿನ ಕ್ಲಚ್‌ಗಳು ಎಣ್ಣೆಯ ಒತ್ತಡದಿಂದ ಹಿಡಿಯುತ್ತವೆ. ಆ ಒತ್ತಡ ಕೊಡುವ ಪಂಪ್ ತಿರುಗುವುದು ಎಂಜಿನ್ನಿನಿಂದ. ಎಂಜಿನ್ ಬಂದ್ ಆದರೆ ಪಂಪೂ ಬಂದ್.

ನಿಮ್ಮ ಕಾರಿನಲ್ಲೇ ನೋಡಿ

ಅಂಕೋಲಾ ಕಾರವಾರ ನಡುವಿನ ಹೆದ್ದಾರಿಯಲ್ಲಿ ಜನ ಕಡಿಮೆ ಇರುವ ನೇರ ದಾರಿ ಹುಡುಕಿ. ನಿಂತ ಕಾರನ್ನು 'ಡಿ'ಗೆ ಹಾಕಿ ಬ್ರೇಕ್ ಬಿಡಿ. ಆಕ್ಸಿಲರೇಟರ್ ಮುಟ್ಟದಿದ್ದರೂ ಕಾರು ನಿಧಾನ ತೆವಳುತ್ತದೆ. ಎಣ್ಣೆ ಟರ್ಬೈನನ್ನು ಎಳೆಯುತ್ತಿರುವುದು ಇದೇ.

ಇನ್ನು ಮೆಲ್ಲಗೆ ಹೊರಡಿ. ಆರ್‌ಪಿಎಂ ಮುಳ್ಳು ಮೊದಲು ಜಿಗಿಯುತ್ತದೆ, ಕಾರು ಆಮೇಲೆ ಹಿಡಿದುಕೊಳ್ಳುತ್ತದೆ. ಆ ಅಂತರವೇ ಕನ್ವರ್ಟರಿನ ಜಾರುವಿಕೆ. 60-70ರಲ್ಲಿ ಕಾಲನ್ನು ಅಲ್ಲಾಡಿಸದೆ ಸ್ವಲ್ಪ ಹೊತ್ತು ಹೋಗಿ. ಕೆಲವು ಕಾರುಗಳಲ್ಲಿ, ಅದರಲ್ಲೂ ಹಳೆಯ 4 ಗೇರಿನವುಗಳಲ್ಲಿ, ಮುಳ್ಳು ತಾನಾಗಿ ಒಂದಿನ್ನೂರು ಮುನ್ನೂರು ಆರ್‌ಪಿಎಂ ಕೆಳಗಿಳಿಯುತ್ತದೆ. ಗೇರ್ ಬದಲಾದಷ್ಟು ದೊಡ್ಡ ಇಳಿತವಲ್ಲ. ಲಾಕ್-ಅಪ್ ಹಿಡಿದದ್ದು ಅದು. ಈಗ ಪೆಡಲನ್ನು ಚೂರು ಒತ್ತಿ. ವೇಗ ಏರುವ ಮೊದಲೇ ಮುಳ್ಳು ಅಷ್ಟೇ ಮೇಲೆ ಹೋದರೆ ಲಾಕ್ ಬಿಟ್ಟಿತು ಅಂತ ಅರ್ಥ. ಇನ್ನೂ ಒತ್ತಿದರೆ ಮುಳ್ಳು ಸಾವಿರದಷ್ಟು ಜಿಗಿಯುತ್ತದೆ. ಅದು ಗೇರ್ ಇಳಿದದ್ದು. ಈ ಎರಡು ಜಿಗಿತದ ವ್ಯತ್ಯಾಸ ಕಿವಿಗೆ, ಕಾಲಿಗೆ ಒಮ್ಮೆ ಗೊತ್ತಾದರೆ ನಿಮ್ಮ ಗೇರ್‌ಬಾಕ್ಸ್ ಏನು ಮಾಡುತ್ತಿದೆ ಅಂತ ಮೀಟರ್ ನೋಡದೆಯೇ ಹೇಳಬಹುದು. ಹೊಸ ಕಾರುಗಳಲ್ಲಿ ಲಾಕ್-ಅಪ್ ಕಡಿಮೆ ವೇಗದಲ್ಲೇ, ನಯವಾಗಿ ಹಿಡಿಯುವುದರಿಂದ ಗೊತ್ತಾಗುವುದು ಕಷ್ಟ.

ಘಟ್ಟ ಹತ್ತುವಾಗ

ಕುಮಟಾ ಕಡೆಯಿಂದ ಬರುವಾಗ ಕತಗಾಲ ದಾಟಿ ಏರು ಶುರುವಾದ ಮೇಲೆ ಸುಮ್ನೆ 'ಡಿ'ಯಲ್ಲಿ ಬಿಟ್ಟರೆ ಕೆಲವು ಕಾರುಗಳು ತಡಬಡಿಸುತ್ತವೆ. ತಿರುವಿನಲ್ಲಿ ನೀವು ಪೆಡಲ್ ಬಿಡುತ್ತೀರಿ, ಅದು ಗೇರ್ ಏರಿಸುತ್ತದೆ. ತಿರುವು ಮುಗಿಸಿ ಒತ್ತುತ್ತೀರಿ, ಮತ್ತೆ ಇಳಿಸುತ್ತದೆ. ಮೂರು, ನಾಲ್ಕು, ಮೂರು, ನಾಲ್ಕು. ಪ್ರತಿ ಸಲವೂ ಲಾಕ್-ಅಪ್ ಬಿಟ್ಟು ಹಿಡಿಯುತ್ತದೆ, ಎಣ್ಣೆ ಕಾಯುತ್ತದೆ, ಹಿಂದಿನ ಸೀಟಿನಲ್ಲಿ ಕೂತವರಿಗೆ ವಾಂತಿ ಬರುತ್ತದೆ.

ಗೇರನ್ನು ನೀವೇ ಆರಿಸುವ ಮ್ಯಾನ್ಯುಯಲ್ ಮೋಡ್ ಇದ್ದರೆ ಲಿವರನ್ನು ಅದಕ್ಕೆ ತಳ್ಳಿ ಎರಡು ಅಥವಾ ಮೂರರಲ್ಲಿ ಹಿಡಿದಿಡಿ. ಹಳೆಯ 4 ಗೇರಿನ ಕಾರಾದರೆ ಲಿವರಿನ ಬದಿಯ ಓವರ್‌ಡ್ರೈವ್ ಬಟನ್ ಆಫ್ ಮಾಡಿ. ನಾಲ್ಕನೇ ಗೇರಿಗೆ ಹೋಗುವುದಿಲ್ಲ. ಎಂಜಿನ್ ಸದ್ದು ಜಾಸ್ತಿ ಆಯಿತು ಅಂತ ಹೆದರಬೇಡಿ. ಕೆಳಗಿನ ಗೇರಿನಲ್ಲಿ 2500-3000 ಆರ್‌ಪಿಎಂ ಓಡುವ ಎಂಜಿನ್, ಮೇಲಿನ ಗೇರಿನಲ್ಲಿ ಏದುಸಿರು ಬಿಡುವ ಎಂಜಿನ್ನಿಗಿಂತ ಆರಾಮಾಗಿರುತ್ತದೆ.

ಅಂಕೋಲಾ ಯಲ್ಲಾಪುರ ನಡುವಿನ ಅರಬೈಲ್ ಘಟ್ಟದ ಕಷ್ಟ ಬೇರೆ. ಅಲ್ಲಿ ಮುಂದೆ ಲಾರಿಗಳ ಸಾಲು, ನಡೆದು ಹೋಗುವವರ ವೇಗ, ನಿಂತು ಹೊರಡುವುದು, ಮತ್ತೆ ನಿಲ್ಲುವುದು. ಏರಿನಲ್ಲಿ ನಿಂತಾಗ ಕೆಲವರು ಬ್ರೇಕ್ ಬಿಟ್ಟು ಆಕ್ಸಿಲರೇಟರಿನಲ್ಲೇ ಕಾರನ್ನು ಅಲ್ಲಾಡದ ಹಾಗೆ ಹಿಡಿದಿರುತ್ತಾರೆ. ದಯವಿಟ್ಟು ಬೇಡ. ಟಾರ್ಕ್ ಕನ್ವರ್ಟರಿನಲ್ಲಿ ಇದು ಎಣ್ಣೆ ಕಾಯಿಸುವ ಒಲೆ. ಎಎಂಟಿ ಮತ್ತು ಡ್ರೈ ಕ್ಲಚ್ (ಎಣ್ಣೆಯಲ್ಲಿ ಮುಳುಗಿರದ ಕ್ಲಚ್) ಡಿಸಿಟಿಗಳಲ್ಲಿ ಇನ್ನೂ ಕೆಟ್ಟದ್ದು, ನೇರವಾಗಿ ಕ್ಲಚ್ ಪ್ಲೇಟೇ ಸವೆಯುತ್ತದೆ. ಬ್ರೇಕ್ ಒತ್ತಿ ನಿಲ್ಲಿ, ಮುಂದಿನ ಲಾರಿ ಒಂದು ಕಾರಿನಷ್ಟು ಜಾಗ ಬಿಟ್ಟ ಮೇಲೆ ಒಮ್ಮೆಲೇ ಹೊರಡಿ. ಇಂಥ ತೆವಳುವ ದಾರಿಗೆ ನಾಲ್ಕು ಜಾತಿಯಲ್ಲಿ ಯಾವುದು ಒಳ್ಳೆಯದು ಅಂದರೆ ನನ್ನ ಓಟು ಟಾರ್ಕ್ ಕನ್ವರ್ಟರಿಗೇ. ಎಣ್ಣೆ ಕಾದರೆ ಕೂಲರಿನಲ್ಲಿ ತಣಿಯುತ್ತದೆ, ಕ್ಲಚ್ ಪ್ಲೇಟ್ ಸುಟ್ಟರೆ ಹೊಸದೇ ಹಾಕಬೇಕು.

ಗೇರ್‌ಬಾಕ್ಸ್ ತೀರಾ ಬಿಸಿಯಾದರೆ ಮೀಟರಿನಲ್ಲಿ ಎಚ್ಚರಿಕೆ ದೀಪ ಬರುತ್ತದೆ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, 'ಪಿ'ಗೆ ಹಾಕಿ, ಎಂಜಿನ್ ಓಡುತ್ತಲೇ ಇರಲಿ. ಪಂಪ್ ತಿರುಗಿದರೆ ತಾನೇ ಎಣ್ಣೆ ಕೂಲರಿಗೆ ಹೋಗುವುದು.

ಇಳಿಯುವಾಗ, ತಿರುವಿಗಿಂತ ಮೊದಲೇ

ದೇವಿಮನೆ ದೇವಸ್ಥಾನ ದಾಟಿ ಇಳಿಜಾರು ಶುರುವಾಗುವ ಮೊದಲು ಗೇರ್ ಇಳಿಸಿ. ಕಾರು ಜೋರಾದ ಮೇಲೆ ಇಳಿಸಲು ಹೋದರೆ ಎಂಜಿನ್ ಮಿತಿ ಮೀರುತ್ತದೆ ಅಂತ ಬಾಕ್ಸ್ ಒಪ್ಪದೇ ಇರಬಹುದು. 'ಡಿ'ಯಲ್ಲೇ ಬಿಟ್ಟರೆ ಏನಾಗುತ್ತದೆ? ನಿಮ್ಮ ಕಾಲು ಪೆಡಲ್ ಮೇಲಿಲ್ಲ, ವೇಗ ಏರುತ್ತಿದೆ. ಪಾಪ, ಬಾಕ್ಸ್ ಇದನ್ನು ಆರಾಮದ ಓಡಾಟ ಅಂತ ತಿಳಿದು ಗೇರ್ ಏರಿಸುತ್ತದೆ. ಎಂಜಿನ್ನಿನ ಹಿಡಿತ ಹೋಯಿತು, ಭಾರವೆಲ್ಲ ಬ್ರೇಕ್ ಮೇಲೆ. ಇಳಿಜಾರನ್ನು ಗುರುತಿಸಿ ಗೇರ್ ಹಿಡಿದಿಡುವ ಕಾರುಗಳಿವೆ, ಆದರೆ ಅದನ್ನೇ ನಂಬಿ ಕೂರಬೇಡಿ.

ಮ್ಯಾನ್ಯುಯಲ್ ಮೋಡಿನಲ್ಲಿ ಎರಡು, ಕಡಿದಾದ ತಿರುವು ಇಲ್ಲದಲ್ಲಿ ಮೂರು. 'ಎಲ್' ಅಥವಾ '2' ಇರುವ ಲಿವರಾದರೆ ಅದು. ಕಾಲು ತೆಗೆದರೆ ಕಾರು ಹೆಚ್ಚುಕಮ್ಮಿ ಅದೇ ವೇಗದಲ್ಲಿ ಇಳಿಯುತ್ತಿದ್ದರೆ ಗೇರ್ ಸರಿಯಾಗಿದೆ. ಪ್ರತಿ ತಿರುವಿಗೂ ಬ್ರೇಕ್ ಜೋರಾಗಿ ಬೇಕಾಗುತ್ತಿದ್ದರೆ ಇನ್ನೊಂದು ಗೇರ್ ಇಳಿಸಿ. ಬ್ರೇಕ್ ಒತ್ತುವಾಗ ಗಟ್ಟಿಯಾಗಿ ಒತ್ತಿ, ಪೂರ್ತಿ ಬಿಡಿ. ಉದ್ದಕ್ಕೂ ಸವರಿಕೊಂಡು ಹೋದರೆ ಕೆಳಗೆ ಮುಟ್ಟುವಷ್ಟರಲ್ಲಿ ಸುಟ್ಟ ವಾಸನೆ ಬಂದಿರುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರಿಕೊಳ್ಳುತ್ತದೆ, ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ. ನಮ್ಮ ಕರಾವಳಿಯ ಹವೆಗೆ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು.

ಇನ್ನು ನ್ಯೂಟ್ರಲ್ ಭಕ್ತರ ವಿಷಯ. ಘಟ್ಟದಲ್ಲಿ 'ಎನ್'ಗೆ ಹಾಕಿ ಇಳಿಸಿದರೆ ಪೆಟ್ರೋಲ್ ಉಳಿಯುತ್ತದೆ ಅಂತ ಹೇಳುವವರು ಊರಿಗೆ ಹತ್ತು ಜನ ಇದ್ದಾರೆ. ಲೆಕ್ಕ ತಿರುಗುಮುರುಗು. ಗೇರಿನಲ್ಲಿ ಇಳಿಯುವಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಇಂಜೆಕ್ಟರ್‌ಗಳು ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಬಂದ್ ಆಗದಿರಲು ಪೆಟ್ರೋಲ್ ಕುಡಿಯಲೇಬೇಕು. ಉಳಿತಾಯ ಸೊನ್ನೆ, ಎಂಜಿನ್ನಿನ ಹಿಡಿತವೂ ಸೊನ್ನೆ.

ಇಳಿಜಾರಿನಲ್ಲಿ ನಿಲ್ಲಿಸುವ ಕ್ರಮ

ಶಿರಸಿ ಸಿದ್ದಾಪುರ ಕಡೆಯ ಮನೆಗಳಿಗೆ ಹೋದರೆ ಅಂಗಳಕ್ಕಿಂತ ಇಳಿಜಾರೇ ಜಾಸ್ತಿ. 'ಪಿ'ಗೆ ಹಾಕಿದಾಗ ಬಾಕ್ಸಿನೊಳಗೆ ಒಂದು ಚಿಕ್ಕ ಉಕ್ಕಿನ ಕೊಂಡಿ ಹಲ್ಲಿನ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಒಂದೂವರೆ ಟನ್ ಕಾರು ದಿನವೂ ಅದರ ಮೇಲೆ ಜೋತಾಡುವುದು ಬೇಡ. ಕ್ರಮ ಹೀಗಿರಲಿ: ಬ್ರೇಕ್ ಒತ್ತಿ ನಿಲ್ಲಿಸಿ. 'ಎನ್'ಗೆ ತನ್ನಿ. ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯಿರಿ. ಕಾಲಿನ ಬ್ರೇಕನ್ನು ನಿಧಾನ ಬಿಡಿ, ಕಾರು ಕೂದಲೆಳೆಯಷ್ಟು ಸರಿದು ಹ್ಯಾಂಡ್‌ಬ್ರೇಕ್ ಮೇಲೆ ಕೂರುತ್ತದೆ. ಮತ್ತೆ ಬ್ರೇಕ್ ಒತ್ತಿ 'ಪಿ'ಗೆ ಹಾಕಿ. ಮರುದಿನ ಬೆಳಿಗ್ಗೆ 'ಪಿ'ಯಿಂದ ತೆಗೆಯುವಾಗ "ಟಕ್" ಅಂತ ದೊಡ್ಡ ಸದ್ದು ಬರದಿದ್ದರೆ ಸರಿಯಾಗಿ ನಿಲ್ಲಿಸಿದ್ದೀರಿ. ಮಳೆಗಾಲದಲ್ಲಿ ಚಕ್ರಕ್ಕೊಂದು ಕಲ್ಲು ಇಡುವ ಅಜ್ಜನ ಕಾಲದ ಪದ್ಧತಿಯೂ ಇರಲಿ.

'ಡಿ'ಯಿಂದ 'ಆರ್'ಗೆ, 'ಆರ್'ನಿಂದ 'ಡಿ'ಗೆ ಹೋಗುವಾಗ ಕಾರು ಪೂರ್ತಿ ನಿಂತಿರಬೇಕು. ಕೆಸರಲ್ಲಿ ಹೂತಾಗ ಹಿಂದೆ ಮುಂದೆ ಜೀಕಾಡಿಸಿ ಎಬ್ಬಿಸುವ ಆಸೆ ಎಲ್ಲರಿಗೂ ಬರುತ್ತದೆ. ಅದರ ಬದಲು ಚಕ್ರದ ಕೆಳಗೆ ಗೋಣಿಚೀಲವೋ ಹಲಗೆಯೋ ಹಾಕಿ ನಿಧಾನ ಎಬ್ಬಿಸಿ.

ಎಣ್ಣೆ, ಮಳೆ, ಉಪ್ಪುಗಾಳಿ

"ಇದರ ಎಣ್ಣೆ ಲೈಫ್‌ಟೈಮ್, ಬದಲಿಸೋದೇ ಬೇಡ" ಅನ್ನುವ ಮಾತು ಸರ್ವಿಸ್ ಕೌಂಟರುಗಳಲ್ಲಿ ಕೇಳುತ್ತೀರಿ. ಯಾರ ಲೈಫು ಅಂತ ಕೇಳಬೇಕು. ದುಬಾರಿ ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಜೆಡ್‌ಎಫ್ ಕಂಪನಿಯೇ ತನ್ನ ಬಾಕ್ಸುಗಳಿಗೆ 80,000ದಿಂದ 1,20,000 ಕಿ.ಮೀ. ಒಳಗೆ ಎಣ್ಣೆ ಬದಲಿಸಿ ಅನ್ನುತ್ತದೆ. ನಿಮ್ಮ ಕಾರಿನ ಕೈಪಿಡಿಯಲ್ಲಿ ಕಠಿಣ ಬಳಕೆಗೆ ಬೇರೆ ಅವಧಿ ಕೊಟ್ಟಿದೆಯಾ ನೋಡಿ. ವಾರಕ್ಕೆರಡು ಸಲ ಘಟ್ಟ ಹತ್ತಿಳಿಯುವ ಕಾರು ಕಠಿಣ ಬಳಕೆಯದ್ದೇ. ನಾನಾದರೆ 60,000ಕ್ಕೆ ಬದಲಿಸಿ ಅನ್ನುತ್ತೇನೆ.

ಬದಲಿಸುವಾಗ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆಯೇ ಆಗಬೇಕು. ಬಣ್ಣ ಕೆಂಪಿದೆ ಅಂತ ಯಾವುದೋ ಡಬ್ಬಿ ಸುರಿಯುವ ಹಾಗಿಲ್ಲ, ಸಿವಿಟಿ ಎಣ್ಣೆಯಂತೂ ಪೂರ್ತಿ ಬೇರೆ. ಇನ್ನೊಂದು ವಿಷಯ ಗೊತ್ತಿರಲಿ: ಕೆಳಗಿನ ಬೋಲ್ಟ್ ಬಿಚ್ಚಿದರೆ ಎಲ್ಲ ಎಣ್ಣೆ ಇಳಿಯುವುದಿಲ್ಲ. 6-8 ಲೀಟರ್ ಹಿಡಿಯುವ ಬಾಕ್ಸಿನಲ್ಲಿ ಇಳಿಯುವುದು 3-4 ಲೀಟರ್, ಉಳಿದದ್ದು ಕನ್ವರ್ಟರಿನಲ್ಲೇ ಕೂತಿರುತ್ತದೆ. ಹಾಗಾಗಿ ಕೆಲವು ನೂರು ಕಿ.ಮೀ. ಬಿಟ್ಟು ಇನ್ನೊಮ್ಮೆ ಬದಲಿಸುವುದು ಒಳ್ಳೆಯ ಪದ್ಧತಿ. ಮಟ್ಟ ನೋಡುವುದು ಎಂಜಿನ್ ಓಡುತ್ತಿರುವಾಗ, ಎಣ್ಣೆ ನಿಗದಿತ ಬಿಸಿಯಲ್ಲಿರುವಾಗ. ಇದು ಗೊತ್ತಿಲ್ಲದ ಗ್ಯಾರೇಜಿಗೆ ಕಾರು ಬಿಡಬೇಡಿ.

ಬಿಳಿ ಕಾಗದದ ಮೇಲೆ ಒಂದು ಹನಿ ಹಾಕಿಸಿ ನೋಡಿ. ಹೊಸದಾದರೆ ಸಾಮಾನ್ಯವಾಗಿ ಕೆಂಪು. ಕಂದು ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾಗಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್‌ಗಳು ಬೆಂದಿವೆ. ಗುಲಾಬಿ ಹಾಲಿನ ಹಾಗೆ ಕಂಡರೆ ನೀರು ಸೇರಿದೆ. ಕಾರನ್ನು ಸ್ಟಾರ್ಟ್ ಕೂಡ ಮಾಡಬೇಡಿ. ಗೇರ್‌ಬಾಕ್ಸಿಗೆ ಗಾಳಿಯಾಡಲು ಒಂದು ಸಣ್ಣ ಕೊಳವೆ ಇರುತ್ತದೆ. ಆಷಾಢದ ಮಳೆಗೆ ರಸ್ತೆ ಮೇಲೆ ನಿಂತ ನೀರಿನಲ್ಲಿ ಹೋದಾಗ ಅದರಿಂದ ನೀರು ಒಳಸೇರಬಹುದು. ನೀರಿನ ಆಳ ಗೊತ್ತಿಲ್ಲದಿದ್ದರೆ ಹೋಗದಿರುವುದೇ ಕ್ಷೇಮ.

ಕಾರವಾರ, ಗೋಕರ್ಣದ ಹಾಗೆ ಸಮುದ್ರಕ್ಕೆ ಅಂಟಿಕೊಂಡ ಊರಿನವರು ಸರ್ವಿಸ್‌ಗೆ ಬಿಟ್ಟಾಗ ಎಣ್ಣೆ ಕೂಲರಿಗೆ ಹೋಗುವ ಲೋಹದ ಕೊಳವೆಗಳನ್ನು ನೋಡಿಸಿ. ಉಪ್ಪುಗಾಳಿಗೆ ತುಕ್ಕು ಹಿಡಿದು ಜಿನುಗುವುದು ಅಲ್ಲಿಂದಲೇ. ಅಂಗಳದಲ್ಲಿ ಕೆಂಪು ಹನಿ ಬಿದ್ದಿದ್ದರೆ ಮೊದಲ ಅನುಮಾನ ಅದರ ಮೇಲಿರಲಿ.

ಓಡಿಸುವಾಗ ಸಿಗುವ ಸುಳಿವುಗಳೂ ಇವೆ. 50-70ರ ಒಂದೇ ವೇಗದಲ್ಲಿ ಹೋಗುವಾಗ ಉಬ್ಬುಪಟ್ಟಿ ಮೇಲೆ ಹೋದಂತೆ ಸಣ್ಣ ನಡುಕ ಬಂದು, ಪೆಡಲ್ ಒತ್ತಿದ ಕೂಡಲೇ ನಿಂತರೆ ಲಾಕ್-ಅಪ್ ಕ್ಲಚ್ ಸರಿಯಾಗಿ ಕಚ್ಚುತ್ತಿಲ್ಲ. ಎಷ್ಟೋ ಸಲ ಹೊಸ ಎಣ್ಣೆಗೇ ಗುಣವಾಗುತ್ತದೆ, ಬಾಕ್ಸ್ ಬಿಚ್ಚಿಸುವ ಮೊದಲು ಅದನ್ನು ಮಾಡಿ. 'ಡಿ'ಗೆ ಹಾಕಿ ಎರಡು ಮೂರು ಸೆಕೆಂಡ್ ಆದ ಮೇಲೆ ಹಿಡಿಯುವುದು, ಗೇರ್ ಬದಲಾಗುವಾಗ ವೇಗ ಏರದೆ ಆರ್‌ಪಿಎಂ ಮಾತ್ರ ಏರುವುದು, ಇವಕ್ಕೆ ತಡ ಮಾಡಬೇಡಿ.

ದಾರಿಯಲ್ಲಿ ಕೈಕೊಟ್ಟರೆ

ಬ್ಯಾಟರಿ ಸತ್ತರೆ ನಾಲ್ಕು ಜನ ಸೇರಿ ತಳ್ಳಿ ಸ್ಟಾರ್ಟ್ ಮಾಡುವ ನಮ್ಮೂರ ವಿದ್ಯೆ ಇಲ್ಲಿ ನಡೆಯುವುದಿಲ್ಲ. ಎಂಜಿನ್ ತಿರುಗದೆ ಪಂಪಿಲ್ಲ, ಪಂಪಿಲ್ಲದೆ ಕ್ಲಚ್ ಹಿಡಿಯುವುದಿಲ್ಲ. ಚಕ್ರ ಎಷ್ಟು ತಿರುಗಿದರೂ ಎಂಜಿನ್ನಿಗೆ ಮುಟ್ಟುವುದಿಲ್ಲ. ಘಟ್ಟದ ನಡುವೆ ನೆಟ್‌ವರ್ಕ್ ಸಿಗುವುದೂ ಅಷ್ಟಕ್ಕಷ್ಟೆ. ಒಂದು ಜತೆ ಜಂಪರ್ ಕೇಬಲ್ ಡಿಕ್ಕಿಯಲ್ಲಿಡಿ.

ಬ್ಯಾಟರಿ ಇಲ್ಲದೆ ಲಿವರ್ 'ಪಿ'ಯಲ್ಲೇ ಸಿಕ್ಕಿಕೊಂಡಿದ್ದರೆ ಅದರ ಪಕ್ಕದಲ್ಲಿ ಉಗುರಿನಷ್ಟು ದೊಡ್ಡ ಪ್ಲಾಸ್ಟಿಕ್ ಮುಚ್ಚಳ ಇದೆಯಾ ಹುಡುಕಿ. ಹಲವು ಕಾರುಗಳಲ್ಲಿ ಇರುತ್ತದೆ. ಮೊದಲು ಹ್ಯಾಂಡ್‌ಬ್ರೇಕ್ ಎಳೆದು, ಕಾಲಲ್ಲಿ ಬ್ರೇಕ್ ಒತ್ತಿ ಹಿಡಿಯಿರಿ. ಮುಚ್ಚಳವನ್ನು ಕೀಲಿಯ ತುದಿಯಿಂದ ಎಬ್ಬಿಸಿ ಒಳಗಿನ ಬಟನ್ ಒತ್ತಿದರೆ ಲಿವರ್ 'ಎನ್'ಗೆ ಬರುತ್ತದೆ. ಬಟನ್ನಿನಿಂದ ಗೇರ್ ಹಾಕುವ ಹೊಸ ಕಾರುಗಳಲ್ಲಿ ಕ್ರಮ ಬೇರೆ, ಕೈಪಿಡಿ ನೋಡಿ.

ಎಳೆದುಕೊಂಡು ಹೋಗಬೇಕಾಗಿ ಬಂದರೆ ಹಗ್ಗ ಕಟ್ಟಿ ಪಿಕಪ್ಪಿನ ಹಿಂದೆ ಎಳೆಸಬೇಡಿ. ಚಕ್ರದ ಜತೆ ಬಾಕ್ಸಿನೊಳಗಿನ ಗೇರುಗಳು ತಿರುಗುತ್ತವೆ, ಎಂಜಿನ್ ಬಂದ್ ಇರುವುದರಿಂದ ಎಣ್ಣೆ ಸಿಗುವುದಿಲ್ಲ. ಫೋನ್ ಮಾಡುವಾಗಲೇ "ಆಟೋಮ್ಯಾಟಿಕ್ ಗಾಡಿ, ಫ್ಲಾಟ್‌ಬೆಡ್ ಬೇಕು" ಅಂತ ಹೇಳಿ. ಫ್ಲಾಟ್‌ಬೆಡ್ ಸಿಗದೆ ಎತ್ತಿ ಎಳೆಯುವ ಕ್ರೇನೇ ಬಂದರೆ ಎಂಜಿನ್ನಿನ ಬಲ ಹೋಗುವ ಚಕ್ರಗಳು ನೆಲದಿಂದ ಮೇಲಿರಬೇಕು. ಬ್ರೆಝಾದಂಥ ಗಾಡಿಗೆ ಅದು ಮುಂದಿನ ಜೋಡಿ, ಇನೋವಾ ಕ್ರಿಸ್ಟಾಕ್ಕೆ ಹಿಂದಿನದು. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗಾಡಿಯಾದರೆ ಎಷ್ಟು ಹೊತ್ತಾದರೂ ಫ್ಲಾಟ್‌ಬೆಡ್‌ಗೇ ಕಾಯಿರಿ.